ಸರ್ಕಲ್‌ನಲ್ಲಿ ಕೂತವರು ಬಜೆಟ್ ಸಭೆಗೂ ಬರಬೇಕು

ಅಮೆರಿಕದ ಸರ್ಕಾರಿ ಶಾಲೆಗಳ ಸುತ್ತ ಜನಾಂಗೀಯ ನ್ಯಾಯಕ್ಕಾಗಿ ಸಂಬಳಕ್ಕೆ ದುಡಿಯುವವರಲ್ಲಿ ಮೂರು ಪಂಗಡಗಳಿವೆ. ಜನರನ್ನು ದುಂಡಗೆ ಕೂರಿಸಿ (ಇದಕ್ಕೇ ‘ಸರ್ಕಲ್’ ಎನ್ನುವುದು), ಬಣ್ಣದ ಕಾರಣಕ್ಕೆ ಆದ ನೋವನ್ನು ಮಾತಿಗೆ ತರುವವರು ಒಂದು ಪಂಗಡ. ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಯೊಳಗೆ ಕೂತು ಅಂಕಿಅಂಶ ಅಳೆಯುವ ‘ಈಕ್ವಿಟಿ’ (ಸಮನ್ಯಾಯ) ಅಧಿಕಾರಿಗಳು ಇನ್ನೊಂದು. ಪೋಷಕರನ್ನು ಒಟ್ಟುಗೂಡಿಸಿ, ಡಿಸ್ಟ್ರಿಕ್ಟಿನ ಚುನಾಯಿತ ಸ್ಕೂಲ್ ಬೋರ್ಡ್ ಸಭೆಗೆ ಕರೆತರುವ ಸಂಘಟಕರು ಮೂರನೆಯವರು. ಮೂವರಿಗೂ ಒಬ್ಬರ ಮೇಲೊಬ್ಬರಿಗೆ ಒಳಗೊಳಗೇ ಸಣ್ಣ ಅಸಡ್ಡೆ. ಸರ್ಕಲ್ ನಡೆಸುವವರಿಗೆ ಸಂಘಟಕರು ಒರಟರು, ಸಂಘಟಕರಿಗೆ ಸರ್ಕಲ್‌ನವರು ಮೆದು, ಇಬ್ಬರಿಗೂ ಕಚೇರಿಯವರು ಸ್ಲೈಡು ತೋರಿಸುವವರು.

ನಾವು ಮೂರೂ ಕಡೆ ಕೆಲಸ ಮಾಡಿದವರು. ಸರ್ಕಲ್‌ನಲ್ಲಿ ಕೂತು ಕಣ್ಣೀರು ಹಾಕಿದವರು ಜೂನ್ ತಿಂಗಳ ಬಜೆಟ್ ಸಭೆಗೆ ಬರದಿದ್ದರೆ ಶಾಲೆಯಲ್ಲಿ ಏನೂ ಬದಲಾಗುವುದಿಲ್ಲ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರನ್ನು ಬಜೆಟ್ ಸಭೆಗೆ ತುಂಬಿಕೊಂಡು ಬಂದರೆ ಅವರು ಎರಡನೇ ಸಲ ಬರುವುದಿಲ್ಲ. ಈ ಎರಡನ್ನೂ ಜೋಡಿಸುವುದೇ ನಮ್ಮ ಕಸುಬು. ಕಾನೂನು, ತಾರೀಖುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ ಇಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾದ್ದು. ನಮ್ಮವರು, ಅಂದರೆ ಭಾರತೀಯರು, ದೊಡ್ಡ ಸಂಖ್ಯೆಯಲ್ಲಿರುವ ರಾಜ್ಯವೂ ಹೌದು.

ಬಜೆಟ್ಟು ಯಾಕೆ ಇಷ್ಟು ಮುಖ್ಯ? 1954ರ ಬ್ರೌನ್ ತೀರ್ಪು ಕಪ್ಪು ಮಕ್ಕಳನ್ನು ಕಾನೂನಿನ ಬಲದಿಂದ ಬೇರೆ ಶಾಲೆಗೆ ಅಟ್ಟುವುದನ್ನು ಅಸಾಂವಿಧಾನಿಕ ಎಂದಿತು. ಆದರೆ 1973ರಲ್ಲಿ ಸ್ಯಾನ್ ಆಂಟೋನಿಯೋದ ರೊಡ್ರಿಗೆಜ್ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು 5–4ರ ಬಹುಮತದಿಂದ, ಬಡ ಬಡಾವಣೆಯ ಶಾಲೆಗೆ ಕಡಿಮೆ ದುಡ್ಡು ಸಿಕ್ಕಿದರೆ ಅದು ಫೆಡರಲ್ ಸಂವಿಧಾನದ ಉಲ್ಲಂಘನೆಯಲ್ಲ ಎಂದುಬಿಟ್ಟಿತು. ಮನೆ ತೆರಿಗೆಯಿಂದ ಶಾಲೆ ನಡೆಯುವ ದೇಶದಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಾರನೇ ವರ್ಷ, 1974ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಬಂದ ಲಾವ್ ತೀರ್ಪು, ಇಂಗ್ಲಿಷ್ ಬಾರದ ಮಗುವಿಗೆ ಬರೀ ಅದೇ ಪುಸ್ತಕ, ಅದೇ ಬೆಂಚು ಕೊಟ್ಟರೆ ಸಮಾನತೆಯಾಗುವುದಿಲ್ಲ ಎಂದಿತು. ಇದಕ್ಕೆ ಆಧಾರವಾದದ್ದು 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಅಧ್ಯಾಯ. ನಮ್ಮ ದಿನನಿತ್ಯದ ಕೆಲಸ ಇವತ್ತಿಗೂ ಈ ತೀರ್ಪುಗಳ ನಡುವಿನ ಇಕ್ಕಟ್ಟಿನಲ್ಲೇ ನಡೆಯುತ್ತದೆ.

ಮೊದಲು ಒಬ್ಬೊಬ್ಬರ ಜೊತೆ ಮಾತು

ಕೆಲಸಕ್ಕೆ ಸೇರಿದ ಹೊಸಬರಿಗೆ ಮೊದಲ ಮೂರು ತಿಂಗಳು ಬೇರೇನೂ ಕೊಡಬಾರದು: ಒನ್-ಟು-ಒನ್ ಮಾತ್ರ. ಇದನ್ನು ಪದ್ಧತಿಯಾಗಿ ಬೆಳೆಸಿದ್ದು 1940ರಲ್ಲಿ ಶಿಕಾಗೋದಲ್ಲಿ ಸಂಘಟಕ ಸಾಲ್ ಅಲಿನ್ಸ್ಕಿ ಕಟ್ಟಿದ ಇಂಡಸ್ಟ್ರಿಯಲ್ ಏರಿಯಾಸ್ ಫೌಂಡೇಶನ್. ಕ್ಯಾಲಿಫೋರ್ನಿಯಾದಲ್ಲಿ 1972ರಿಂದ ಓಕ್ಲ್ಯಾಂಡ್‌ನ ಪೀಕೋ ಎಂಬ ಸಂಘಟಕರ ಜಾಲವೂ ಇದೇ ದಾರಿಯಲ್ಲಿ ನಡೆಯಿತು. ಅಮೆರಿಕದ ದಕ್ಷಿಣದ ಕಪ್ಪು ಜನರ ಚಳವಳಿಯಲ್ಲಿ ಎಲಾ ಬೇಕರ್ ಮತ್ತು ಸೆಪ್ಟಿಮಾ ಕ್ಲಾರ್ಕ್ ಮಾಡಿದ್ದೂ ಹೆಚ್ಚು ಕಡಿಮೆ ಇದನ್ನೇ, ಇನ್ನಷ್ಟು ತಾಳ್ಮೆಯಿಂದ. ನಮಗೆ ಅಲಿನ್ಸ್ಕಿಗಿಂತ ಈ ಇಬ್ಬರು ಹೆಂಗಸರಿಂದ ಕಲಿಯುವುದು ಹೆಚ್ಚಿದೆ ಅನಿಸುತ್ತದೆ. ಆತನ ಶಿಷ್ಯರು ಗೆಲುವನ್ನು ಎಣಿಸುತ್ತಾರೆ, ಇವರು ಯಾರು ಯಾರು ಮುಂದೆ ಬಂದು ನಿಂತರು ಎಂಬುದನ್ನು ಎಣಿಸುತ್ತಿದ್ದರು.

ಒಂದು ಭೇಟಿಗೆ 30ರಿಂದ 45 ನಿಮಿಷ. ಕೈಯಲ್ಲಿ ಫಾರ್ಮ್ ಇರಬಾರದು, ನೋಟ್‌ಬುಕ್ ತೆಗೆಯಬಾರದು, ಸಹಿ ಕೇಳಬಾರದು. ಎದುರಿನವರು ಮೂರರಲ್ಲಿ ಎರಡು ಪಾಲು ಮಾತಾಡಬೇಕು, ಉಳಿದ ಒಂದು ಪಾಲಿನಲ್ಲಿ ನೀವು ನಿಮ್ಮ ಬಗ್ಗೆಯೂ ನಿಜ ಹೇಳಬೇಕು. ಬರೀ ಕೇಳುತ್ತಾ ಕೂತರೆ ಅದು ವಿಚಾರಣೆಯಾಗುತ್ತದೆ. ‘ಶಾಲೆಯಲ್ಲಿ ಏನು ಸರಿಯಿಲ್ಲ?’ ಎಂದು ಕೇಳಿದರೆ ಊಟದ ದರ್ಜೆಯಿಂದ ಹಿಡಿದು ಪಾರ್ಕಿಂಗ್‌ವರೆಗೆ ಪಟ್ಟಿ ಬರುತ್ತದೆ. ‘ಈ ವರ್ಷ ಮಗುವಿನ ವಿಷಯದಲ್ಲಿ ನಿಮಗೆ ನಿದ್ದೆಗೆಡಿಸಿದ್ದು ಏನು?’ ಎಂದು ಕೇಳಿದರೆ ಒಂದು ಘಟನೆ ಬರುತ್ತದೆ. ಘಟನೆ ಬಂದ ಮೇಲೆ ‘ಆಮೇಲೆ ಯಾರ ಹತ್ತಿರ ಹೋದಿರಿ?’ ಎಂದು ಕೇಳಬೇಕು. ಆ ಉತ್ತರದಲ್ಲಿ ಶಾಲೆಯೊಳಗಿನ ಅಧಿಕಾರದ ನಕ್ಷೆ ಇರುತ್ತದೆ. ಏಳುವ ಮುಂಚೆ ‘ನಾನು ಇನ್ನು ಯಾರನ್ನು ನೋಡಬೇಕು?’ ಎಂದು ಕೇಳಿ ಎರಡು ಹೆಸರು ಪಡೆಯಬೇಕು. ಟಿಪ್ಪಣಿ ಬರೆಯುವುದು ಆಮೇಲೆ, ಕಾರಿನಲ್ಲಿ ಕೂತು.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಎರಡು ರೀತಿಯಲ್ಲಿ. ಒಂದು, ಪಿಟಿಎ (ಪೋಷಕ-ಶಿಕ್ಷಕರ ಸಂಘ) ಅಧ್ಯಕ್ಷೆಯಿಂದ ಶುರುಮಾಡಿ ಆಕೆಯ ಸ್ನೇಹಿತೆಯರಲ್ಲೇ ಮುಗಿಸುವುದು. ಇನ್ನೊಂದು, ಇಂಗ್ಲಿಷ್ ಬರುವವರ ಜೊತೆ ಮಾತ್ರ ಮಾತಾಡುವುದು. ಸ್ಪ್ಯಾನಿಷ್, ಅರೇಬಿಕ್, ಟಿಗ್ರಿನ್ಯಾ ಮಾತಾಡುವ ಮನೆಗಳಿಗೆ ದುಭಾಷಿ ಬೇಕು, ಮತ್ತು ಆ ದುಭಾಷಿ ಮನೆಯ ಮಗುವಾಗಿರಕೂಡದು. ತನ್ನನ್ನೇ ಶಾಲೆಯಿಂದ ಸಸ್ಪೆಂಡ್ ಮಾಡಿದ್ದನ್ನು ಅಮ್ಮನಿಗೆ ಹನ್ನೊಂದರ ಹುಡುಗ ಹೇಗೆ ಅನುವಾದಿಸಿಯಾನು?

ಮೂವತ್ತು ನಲವತ್ತು ಭೇಟಿಗಳಾದ ಮೇಲೆ ಮನೆ ಸಭೆಗಳು. ಎಂಟರಿಂದ ಹನ್ನೆರಡು ಜನ, ಯಾರದಾದರೂ ಲಿವಿಂಗ್ ರೂಮ್, ಒಂದೂವರೆ ಗಂಟೆ. ಒನ್-ಟು-ಒನ್‌ನಲ್ಲಿ ಕೇಳಿದ ಘಟನೆಗಳನ್ನು ಅವರವರ ಬಾಯಿಂದಲೇ ಎಲ್ಲರೆದುರು ಹೇಳಿಸುವುದು ಇಲ್ಲಿನ ಕೆಲಸ. ‘ನಮ್ಮನೇಲೂ ಹಿಂಗೇ ಆಯ್ತು’ ಎಂದು ಮೂರನೆಯವರು ಹೇಳುವ ಹೊತ್ತಿಗೆ ಅದು ಒಂದು ಮನೆಯ ಗೋಳಾಗಿ ಉಳಿದಿರುವುದಿಲ್ಲ.

ಗೋಳನ್ನು ಬೇಡಿಕೆಯಾಗಿಸುವುದು ಇದಕ್ಕಿಂತ ಕಷ್ಟ. ‘ಜನಾಂಗೀಯ ತಾರತಮ್ಯ ನಿಲ್ಲಿಸಿ’ ಎನ್ನುವುದಕ್ಕೆ ಯಾವ ಬೋರ್ಡೂ ಇಲ್ಲ ಎನ್ನುವುದಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಕರ್ನಾಟಕದ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ದಲಿತ ಸಂಘರ್ಷ ಸಮಿತಿಯವರು ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಕೂಗಿದಾಗ ಅದರಲ್ಲಿ ಮುಚ್ಚಬೇಕಾದ್ದು ಯಾವುದು, ತೆರೆಯಬೇಕಾದ್ದು ಯಾವುದು ಎರಡೂ ಇದ್ದವು. ನಮ್ಮಲ್ಲಿ ಅಂಥ ಒಂದು ಬೇಡಿಕೆ ಹೀಗಿರುತ್ತದೆ: ಇಂಥ ಮಿಡ್ಲ್ ಸ್ಕೂಲಿಗೆ ಪೂರ್ಣಾವಧಿಯ ಒಬ್ಬ ರೆಸ್ಟೋರೇಟಿವ್ ಫೆಸಿಲಿಟೇಟರ್ (ಜಗಳವಾದ ಮೇಲೆ ಎರಡೂ ಕಡೆಯವರನ್ನು ಕೂರಿಸಿ ಸಂಬಂಧ ಸರಿಪಡಿಸುವವರು), ಆಗಸ್ಟ್‌ನಲ್ಲಿ ಶಾಲೆ ಬಾಗಿಲು ತೆರೆಯುವ ಮುನ್ನ ನೇಮಕ, ಸಂಬಳ ಇಂಥ ನಿಧಿಯಿಂದ. ಹೌದು ಅಥವಾ ಇಲ್ಲ ಎನ್ನದೆ ತಪ್ಪಿಸಿಕೊಳ್ಳಲು ಇದರಲ್ಲಿ ಜಾಗವಿಲ್ಲ.

ಅಂಕಿ ಓದುವ ಕ್ರಮ

ಕ್ಯಾಲಿಫೋರ್ನಿಯಾ ಶಿಕ್ಷಣ ಇಲಾಖೆಯ ಡೇಟಾಕ್ವೆಸ್ಟ್ ತಾಣದಲ್ಲಿ ಪ್ರತಿ ಶಾಲೆಯ ಸಸ್ಪೆನ್ಷನ್ ದರ ಜನಾಂಗವಾರು ಸಿಗುತ್ತದೆ. ದೇಶದ ಮಟ್ಟದಲ್ಲಿ ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕು ದತ್ತಾಂಶ ಸಂಗ್ರಹವಿದೆ, 1968ರಿಂದ. ಅದರ 2017–18ರ ಲೆಕ್ಕದಲ್ಲಿ ಕಪ್ಪು ಮಕ್ಕಳು ಒಟ್ಟು ದಾಖಲಾತಿಯ ಸುಮಾರು ಶೇ 15, ಶಾಲೆಯಿಂದ ಹೊರಗೆ ಸಸ್ಪೆಂಡ್ ಆದವರಲ್ಲಿ ಸುಮಾರು ಶೇ 38.

ಸಭೆಗೆ ಒಯ್ಯಬೇಕಾದ್ದು ದೇಶದ ಅಂಕಿಯಲ್ಲ, ನಿಮ್ಮ ಶಾಲೆಯದು. ಉದಾಹರಣೆಗೆ ಒಂದು ಕಾಲ್ಪನಿಕ ಶಾಲೆ ಹಿಡಿಯೋಣ. 800 ಮಕ್ಕಳು, ಅದರಲ್ಲಿ ಕಪ್ಪು ಮಕ್ಕಳು 80. ವರ್ಷದಲ್ಲಿ ಸಸ್ಪೆಂಡ್ ಆದವರು 40, ಅವರಲ್ಲಿ ಕಪ್ಪು ಮಕ್ಕಳು 16. ಕಪ್ಪು ಮಕ್ಕಳ ದರ 80ಕ್ಕೆ 16, ಅಂದರೆ ಶೇ 20. ಉಳಿದವರ ದರ 720ಕ್ಕೆ 24, ಅಂದರೆ ಶೇ 3.3. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಆರು. ‘ಈ ಶಾಲೆಯಲ್ಲಿ ಕಪ್ಪು ಮಗು ಸಸ್ಪೆಂಡ್ ಆಗುವ ಸಂಭವ ಉಳಿದ ಮಕ್ಕಳಿಗಿಂತ ಆರು ಪಟ್ಟು’ ಎನ್ನುವ ಒಂದು ವಾಕ್ಯ ಹತ್ತು ಸ್ಲೈಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಆದರೆ ಇದರಲ್ಲಿ ಎಡವುವ ಜಾಗಗಳಿವೆ. ಡೇಟಾಕ್ವೆಸ್ಟ್‌ನ ಸಸ್ಪೆನ್ಷನ್ ದರ ಮಕ್ಕಳನ್ನು ಎಣಿಸುತ್ತದೆ, ಸಲಗಳನ್ನಲ್ಲ. ಆರು ಸಲ ಹೊರಹಾಕಿದ ಹುಡುಗನೂ ಅಲ್ಲಿ ಒಬ್ಬನೇ. ಭಾಜಕವಾಗಿ ಬಳಸುವುದು ವರ್ಷದುದ್ದಕ್ಕೂ ಬಂದು ಹೋದವರನ್ನೆಲ್ಲ ಸೇರಿಸಿದ ದಾಖಲಾತಿ. ಶಾಲೆಯ ವೆಬ್‌ಸೈಟಿನಲ್ಲಿ ಕಾಣುವುದೋ ಅಕ್ಟೋಬರ್ ತಿಂಗಳ ಮೊದಲ ಬುಧವಾರ ಎಣಿಸಿದ ಸಂಖ್ಯೆ. ಎರಡನ್ನೂ ಬೆರೆಸಿದರೆ ಡಿಸ್ಟ್ರಿಕ್ಟ್‌ನವರು ಸಭೆಯಲ್ಲೇ ತಿದ್ದುತ್ತಾರೆ. ಆಮೇಲೆ ನಿಮ್ಮ ಉಳಿದ ಮಾತನ್ನು ಯಾರೂ ಕೇಳುವುದಿಲ್ಲ. ಗುಂಪು ತೀರಾ ಸಣ್ಣದಿದ್ದರೆ ಮಕ್ಕಳ ಗುರುತು ಸಿಗದಿರಲೆಂದು ಅಂಕಿಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಇರುತ್ತದೆ. ಅಂಥಲ್ಲಿ ಮೂರು ವರ್ಷದ ಪ್ರವೃತ್ತಿ ಹೇಳಲು ಹೋಗಬೇಡಿ, ಡಿಸ್ಟ್ರಿಕ್ಟ್ ಮಟ್ಟಕ್ಕೆ ಏರಿ.

ಕೇಳಲೇಬೇಕಾದ ಇನ್ನೊಂದು ಅಂಕಿ, ಕಳೆದುಹೋದ ಪಾಠದ ದಿನಗಳು. ಒಂದು ಸಸ್ಪೆನ್ಷನ್ ಒಂದೇಟಿಗೆ ಐದು ಶಾಲಾ ದಿನ ಮೀರುವಂತಿಲ್ಲ. ಆದರೂ ಆ 16 ಮಕ್ಕಳು ಒಟ್ಟು ಎಷ್ಟು ದಿನ ತರಗತಿ ಕಳೆದುಕೊಂಡರು ಎಂಬುದು ಬೇರೆಯೇ ಚಿತ್ರ ಕೊಡುತ್ತದೆ. ಕಾರಣವಾರು ವಿಂಗಡಣೆಯನ್ನೂ ಕೇಳಿ. ‘ಹೇಳಿದ ಮಾತು ಕೇಳಲಿಲ್ಲ’ ಎಂಬ ಒಂದೇ ಕಾರಣಕ್ಕೆ ಸಸ್ಪೆಂಡ್ ಮಾಡುವುದನ್ನು ಕ್ಯಾಲಿಫೋರ್ನಿಯಾ ಹಂತಹಂತವಾಗಿ ನಿಲ್ಲಿಸುತ್ತ ಬಂತು: ಮೊದಲು ಮೂರನೇ ತರಗತಿಯವರೆಗೆ, ಆಮೇಲೆ ಎಂಟರವರೆಗೆ, 2024ರ ಜುಲೈ 1ರಿಂದ ಹನ್ನೆರಡರವರೆಗೂ. ಕಾನೂನು ಬದಲಾದ ಕೂಡಲೇ ಕೆಲವು ಕಡೆ ಅದೇ ಘಟನೆ ಬೇರೆ ಹೆಸರಿನಡಿ ದಾಖಲಾಗುತ್ತದೆ. ಇನ್ನು ಕೆಲವು ಕಡೆ ದಾಖಲೆಯೇ ಇಲ್ಲದೆ ‘ಇವತ್ತು ಬೇಗ ಕರ್ಕೊಂಡು ಹೋಗಿ’ ಎಂದು ಫೋನ್ ಬರುತ್ತದೆ. ಈ ಫೋನುಗಳು ಯಾವ ತಾಣದಲ್ಲೂ ಸಿಗುವುದಿಲ್ಲ. ಅದಕ್ಕೇ ಒನ್-ಟು-ಒನ್ ಮೊದಲು, ಅಂಕಿ ಆಮೇಲೆ.

ತಾಣದಲ್ಲಿ ಇಲ್ಲದ್ದನ್ನು ಸಾರ್ವಜನಿಕ ದಾಖಲೆ ಕಾಯ್ದೆಯಡಿ ಕೇಳಬಹುದು, ನಮ್ಮ ಮಾಹಿತಿ ಹಕ್ಕಿನ ಥರವೇ. 10 ದಿನದೊಳಗೆ ಕೊಡುತ್ತೇವೋ ಇಲ್ಲವೋ ಹೇಳಬೇಕು, ಕಾರಣ ಕೊಟ್ಟು ಇನ್ನು 14 ದಿನ ಎಳೆಯಬಹುದು. ‘ಶಿಸ್ತಿಗೆ ಸಂಬಂಧಿಸಿದ ಎಲ್ಲ ದಾಖಲೆ’ ಎಂದು ಬರೆದರೆ ತಿಂಗಳುಗಟ್ಟಲೆ ಕಾಯುತ್ತೀರಿ. ‘ಇಂಥ ಶಾಲೆ, ಇಂಥ ವರ್ಷ, ಕಾರಣ, ದಿನಗಳ ಸಂಖ್ಯೆ, ಜನಾಂಗ, ಹೆಸರು ತೆಗೆದು, ಸ್ಪ್ರೆಡ್‌ಶೀಟ್ ರೂಪದಲ್ಲಿ’ ಎಂದು ಬರೆಯಿರಿ.

ಸರ್ಕಲ್ ಕೂರಿಸುವುದು

ಸರ್ಕಲ್‌ಗಳಲ್ಲಿ ಎರಡು ಬಗೆ, ಅವನ್ನು ಕಲಸಬಾರದು. ಒಂದು, ಜನಾಂಗೀಯ ಗಾಯ ಮಾಯಿಸುವ ಸರ್ಕಲ್. ಮಿಷಿಗನ್‌ನ ಕೆಲ್ಲಾಗ್ ಫೌಂಡೇಶನ್ 2016ರಲ್ಲಿ ಶುರುಮಾಡಿದ ಸತ್ಯ, ಜನಾಂಗೀಯ ಶಮನ ಮತ್ತು ಪರಿವರ್ತನೆಯ ಕಾರ್ಯಕ್ರಮದಿಂದ ಇದು ದೇಶಾದ್ಯಂತ ಹಬ್ಬಿತು. 2017ರಿಂದ ಮಾರ್ಟಿನ್ ಲೂಥರ್ ಕಿಂಗ್ ದಿನದ ಮಾರನೇ ಮಂಗಳವಾರವನ್ನು ಇದಕ್ಕೆಂದೇ ಆಚರಿಸುತ್ತಾರೆ. ಇನ್ನೊಂದು, ಶಾಲೆಯಲ್ಲಿ ಹೊಡೆದಾಟ, ಬೈಗುಳ ಆದಮೇಲೆ ನಡೆಸುವ ರೆಸ್ಟೋರೇಟಿವ್ ಸರ್ಕಲ್. ಓಕ್ಲ್ಯಾಂಡ್‌ನಲ್ಲಿ ಫಾನಿಯಾ ಡೇವಿಸ್ 2005ರಲ್ಲಿ ಕಟ್ಟಿದ ಸಂಸ್ಥೆ ಒಂದು ಮಿಡ್ಲ್ ಸ್ಕೂಲಿನಿಂದ ಇದನ್ನು ಆರಂಭಿಸಿತು. 2010ರಲ್ಲಿ ಅಲ್ಲಿನ ಸ್ಕೂಲ್ ಬೋರ್ಡ್ ಇದನ್ನು ನೀತಿಯಾಗಿ ಒಪ್ಪಿತು. ಕೈಯಿಂದ ಕೈಗೆ ಒಂದು ವಸ್ತು ದಾಟಿಸುತ್ತಾ ಮಾತಾಡುವ ಕ್ರಮ ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದದ್ದು. ಅದನ್ನು ಹೇಳಿಯೇ ಶುರುಮಾಡಬೇಕು. ಹದ್ದಿನ ಗರಿ, ಧೂಪ ಹಿಡಿದು ಅವರ ಆಚರಣೆಯನ್ನು ಅನುಕರಿಸಲು ಹೋಗಬಾರದು.

ಸಿದ್ಧತೆ ಇಷ್ಟು. ಶಾಲೆಯ ಲೈಬ್ರರಿ ಒಳ್ಳೆಯ ಜಾಗ, ಕೆಫೆಟೇರಿಯಾ ಬೇಡ, ಫ್ರಿಜ್ ಗುಂಯ್‌ಗುಡುತ್ತದೆ. ಹದಿನಾರು ಕುರ್ಚಿ, ನಡುವೆ ಮೇಜಿಲ್ಲ, ನೆಲದ ಮೇಲೆ ಒಂದು ಬಟ್ಟೆ. ಎಲ್ಲ ಕುರ್ಚಿ ಒಂದೇ ಎತ್ತರ. ಮೂಲೆಯಲ್ಲಿ ತಿರುಗುವ ಒಂದು ಆಫೀಸ್ ಕುರ್ಚಿ ಉಳಿದಿದ್ದರೆ ಪ್ರಿನ್ಸಿಪಾಲರು ತಮಗೇ ಗೊತ್ತಿಲ್ಲದೆ ಅದರಲ್ಲೇ ಹೋಗಿ ಕೂರುತ್ತಾರೆ. ಸಂಜೆ ಆರರಿಂದ ಎಂಟು, ಆರಕ್ಕೆ ಮುಂಚೆ ಊಟ, ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು, ದುಭಾಷಿ. ಈ ಮೂರರಲ್ಲಿ ಒಂದು ತಪ್ಪಿದರೂ ಯಾರು ಬರಬೇಕಿತ್ತೋ ಅವರೇ ಬರುವುದಿಲ್ಲ.

ನಡೆಸುವವರು ಇಬ್ಬರು, ಬೇರೆ ಬೇರೆ ಜನಾಂಗದವರು. ಒಬ್ಬರು ಮಾತು ನಡೆಸಿದರೆ ಇನ್ನೊಬ್ಬರು ಮುಖಗಳನ್ನು ನೋಡುತ್ತಿರಬೇಕು, ಯಾರಾದರೂ ಎದ್ದು ಹೊರಗೆ ಹೋದರೆ ಹಿಂದೆ ಹೋಗಬೇಕು. ವೇಳೆಯ ಲೆಕ್ಕವನ್ನು ಹೊಸಬರು ಯಾವಾಗಲೂ ತಪ್ಪುತ್ತಾರೆ: 16 ಜನಕ್ಕೆ ತಲಾ 3 ನಿಮಿಷ ಅಂದರೆ ಒಂದು ಸುತ್ತಿಗೇ 48 ನಿಮಿಷ. ಎರಡು ಗಂಟೆಯಲ್ಲಿ ಒಂದು ಚಿಕ್ಕ ಪರಿಚಯದ ಸುತ್ತು, ಇಬ್ಬಿಬ್ಬರಾಗಿ ಮಾತು, ಒಂದೇ ಒಂದು ದೊಡ್ಡ ಸುತ್ತು, ಒಂದೊಂದು ಮಾತಿನ ಮುಕ್ತಾಯ. ಅಷ್ಟೇ ಹಿಡಿಸುವುದು. ಐದು ಪ್ರಶ್ನೆ ಬರೆದುಕೊಂಡು ಬಂದವರು ಕೊನೆಯವರನ್ನು ಅವಸರಪಡಿಸುತ್ತಾರೆ. ಆ ಕೊನೆಯವರು ಬಹಳ ಸಲ ಇಷ್ಟು ಹೊತ್ತು ಬಾಯಿಬಿಡಲು ಧೈರ್ಯ ತಂದುಕೊಳ್ಳುತ್ತಿದ್ದವರೇ ಆಗಿರುತ್ತಾರೆ.

ನಿಯಮಗಳು ಸರಳ. ವಸ್ತು ಕೈಯಲ್ಲಿದ್ದವರು ಮಾತ್ರ ಮಾತಾಡುವುದು, ಸುಮ್ಮನೆ ದಾಟಿಸುವ ಹಕ್ಕು ಎಲ್ಲರಿಗೂ ಇದೆ, ತನ್ನ ಅನುಭವ ಮಾತ್ರ ಹೇಳುವುದು, ವಾದವಿಲ್ಲ, ಪರಿಹಾರ ಸೂಚಿಸುವಂತಿಲ್ಲ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯುತ್ತದೆ ಎಂದು ಮಾತು ಕೊಡುವಾಗ ಎಚ್ಚರ ಬೇಕು. ಶಾಲೆಯ ಸಿಬ್ಬಂದಿಗೆ ಮಗುವಿನ ಮೇಲಿನ ದೌರ್ಜನ್ಯ ಕಿವಿಗೆ ಬಿದ್ದರೆ ತಕ್ಷಣ ಅಧಿಕಾರಿಗಳಿಗೆ ಫೋನ್ ಮಾಡುವ, 36 ಗಂಟೆಯೊಳಗೆ ಬರೆದು ಕಳಿಸುವ ಕಾನೂನು ಹೊಣೆ ಇದೆ. ಅದನ್ನು ಮೊದಲೇ ಹೇಳದಿದ್ದರೆ ನಂಬಿಕೆದ್ರೋಹವಾಗುತ್ತದೆ.

ಸರ್ಕಲ್ ಕೆಡುವ ಮುಖ್ಯ ದಾರಿ ಒಂದಿದೆ. ಇಡೀ ಗುಂಪಿನಲ್ಲಿ ಕಪ್ಪು ತಾಯಿ ಒಬ್ಬಳೇ. ಆಕೆ ತನ್ನ ಕಥೆ ಹೇಳುತ್ತಾಳೆ, ಉಳಿದ ಹದಿನೈದು ಮಂದಿ ಅದನ್ನು ಕೇಳಿ ‘ಕಲಿತು’ ಮನೆಗೆ ಹೋಗುತ್ತಾರೆ. ಆಕೆಗೆ ಸಿಕ್ಕಿದ್ದು ಹಳೇ ಗಾಯ ಮತ್ತೆ ಕೆರೆದ ಉರಿ. ಒಬ್ಬರೇ ಇದ್ದರೆ ಆ ದಿನದ ಸರ್ಕಲ್ ಮುಂದಕ್ಕೆ ಹಾಕಿ. ಮೂರು ನಾಲ್ಕು ಮಂದಿ ಇದ್ದಾಗಲೂ ಕಷ್ಟದ ಪ್ರಶ್ನೆಯ ಸುತ್ತನ್ನು ಅವರಿಂದ ಶುರುಮಾಡಬೇಡಿ. ಯಾರಾದರೂ ಚುಚ್ಚುವ ಮಾತಾಡಿದರೆ ಅಲ್ಲೇ ಪಾಠ ಹೇಳಲು ನಿಲ್ಲದೆ, ಸುತ್ತನ್ನು ತಡೆದು, ‘ಇದರಲ್ಲಿ ನಿಮ್ಮ ಸ್ವಂತ ಅನುಭವ ಯಾವುದು?’ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಅವರೇ ವಸ್ತು ದಾಟಿಸುತ್ತಾರೆ.

ಹೊಡೆದಾಟದ ನಂತರದ ರೆಸ್ಟೋರೇಟಿವ್ ಸರ್ಕಲ್‌ಗೆ ಇನ್ನೊಂದು ಹೆಜ್ಜೆ ಹೆಚ್ಚು: ಎರಡೂ ಕಡೆಯವರನ್ನು ಮೊದಲು ಬೇರೆ ಬೇರೆಯಾಗಿ ಕಂಡು ಮಾತಾಡುವುದು. ಇದನ್ನು ಬಿಟ್ಟು, ಊಟದ ಬಿಡುವಿನಲ್ಲಿ ಇಬ್ಬರು ಹುಡುಗರನ್ನು ಕೋಣೆಗೆ ಕರೆದು ‘ಸಾರಿ ಹೇಳು’ ಎನ್ನಿಸಿದರೆ, ಸಂಜೆ ಬಸ್ ಸ್ಟಾಪಿನಲ್ಲಿ ಅದೇ ಜಗಳ ಮುಂದುವರಿಯುತ್ತದೆ. ಶಿಕ್ಷಕರು ‘ರೆಸ್ಟೋರೇಟಿವ್ ಅಂದ್ರೆ ಮಾತಾಡಿಸಿ ವಾಪಸ್ ಕಳಿಸೋದು’ ಎಂದು ಗೊಣಗುವುದರಲ್ಲಿ ಹುರುಳಿಲ್ಲದಿಲ್ಲ. ಎರಡು ದಿನ ತರಬೇತಿ ಕೊಟ್ಟು, ಆಳು ಕೊಡದೆ ಕೈತೊಳೆದುಕೊಂಡ ಶಾಲೆಗಳಲ್ಲಿ ನಡೆಯುವುದು ಅದೇ. ಒಪ್ಪಂದ ಅಂದಮೇಲೆ ಯಾರು, ಏನು, ಯಾವ ದಿನದೊಳಗೆ ಎಂದು ಕಾಗದದಲ್ಲಿರಬೇಕು, ಎರಡು ವಾರದ ಮೇಲೆ ಒಬ್ಬರು ಹೋಗಿ ವಿಚಾರಿಸಬೇಕು.

ನಮ್ಮವರು ಬಂದು ಕೂತಾಗ

ಭಾರತೀಯ ಕುಟುಂಬಗಳು ಶಾಲೆಯ ಲೆಕ್ಕದಲ್ಲಿ ‘ಏಷ್ಯನ್’ ಕಾಲಂನಲ್ಲಿ ಮುಳುಗಿಹೋಗುತ್ತವೆ. ಆ ಕಾಲಂನ ಸಸ್ಪೆನ್ಷನ್ ದರ ಸಾಮಾನ್ಯವಾಗಿ ತೀರಾ ಕಡಿಮೆ. ಹೀಗಾಗಿ ಕನ್ನಡ ಕೂಟದ ಗೆಳೆಯರ ಮೊದಲ ಮಾತು ‘ಇದು ನಮ್ಮ ಸಮಸ್ಯೆ ಅಲ್ಲ ಬಿಡಿ ಸಾರ್’. 1965ರ ವಲಸೆ ಕಾಯ್ದೆ ನಮ್ಮಂಥವರಿಗೆ ಬಾಗಿಲು ತೆರೆದದ್ದು ಕಪ್ಪು ಜನರ ನಾಗರಿಕ ಹಕ್ಕು ಚಳವಳಿಯ ಒತ್ತಡದ ಕಾಲದಲ್ಲೇ ಎಂದು ಭಾಷಣ ಮಾಡಿದರೆ ಯಾರೂ ಕದಲುವುದಿಲ್ಲ. ಅವರ ಮಗುವಿನ ಹೆಸರನ್ನು ಶಿಕ್ಷಕರು ವರ್ಷವಿಡೀ ತಪ್ಪಾಗಿ ಕರೆದದ್ದು, ಡಬ್ಬಿಯ ಊಟದ ವಾಸನೆಗೆ ಪಕ್ಕದ ಮಕ್ಕಳು ಮೂಗು ಮುಚ್ಚಿಕೊಂಡದ್ದು, ಇಂಥದ್ದರಿಂದ ಮಾತು ಶುರುವಾಗುತ್ತದೆ. ಅಲ್ಲಿಗೇ ನಿಲ್ಲಿಸಬಾರದು, ಅಷ್ಟೇ.

ಯಾಕೆಂದರೆ ಎರಡನೇ ಪದರ ಜಾತಿ. ‘ನೀವು ಬೇರೆಯವರಿಗಿಂತ ಬೇರೆ ಎಂದು ಮೊದಲು ತಿಳಿದದ್ದು ಯಾವಾಗ?’ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಬೆಳೆದವರು ಬಣ್ಣದ ಕಥೆ ಹೇಳುತ್ತಾರೆ. ಊರಿನಿಂದ ಬಂದ ದಲಿತ ಪೋಷಕರಿಗೆ ನೆನಪಾಗುವುದು ಬೇರೆ. ಅದನ್ನು ಹೇಳಿದರೆ ಪಕ್ಕದಲ್ಲಿ ಕೂತ ಕನ್ನಡದವರಿಗೇ ತಮ್ಮ ಜಾತಿ ಗೊತ್ತಾಗುತ್ತದೆ, ನಾಳೆ ಆಫೀಸಿನಲ್ಲೂ ಗೊತ್ತಾಗುತ್ತದೆ. ಹಾಗಾಗಿ ನಮ್ಮ ಪದ್ಧತಿ: ಹೆಸರಿನ ಚೀಟಿಯಲ್ಲಿ ಮೊದಲ ಹೆಸರು ಮಾತ್ರ. ‘ಊರು ಯಾವುದು, ಯಾರ ಪೈಕಿ’ ಎಂಬ ವಿಚಾರಣೆ ಇಲ್ಲ. ಇಬ್ಬಿಬ್ಬರಾಗಿ ಕೂರಿಸುವಾಗ ಭಾರತೀಯರಿಗೆ ಭಾರತೀಯರನ್ನೇ ಜೋಡಿಸುವುದಿಲ್ಲ. ಊಟದಲ್ಲಿ ಸಸ್ಯಾಹಾರ, ಮಾಂಸಾಹಾರ ಒಂದೇ ಮೇಜಿನ ಮೇಲೆ. ಯಾರ ಜಾತಿಯನ್ನೂ ಕೇಳುವುದಿಲ್ಲ, ಯಾರಾದರೂ ತಾವಾಗಿ ಹೇಳಿದರೆ ಪಿಸುಮಾತಿಗೆ ಎಡೆ ಕೊಡುವುದಿಲ್ಲ.

ಕಪ್ಪು ಅಮೆರಿಕನ್ ಸಹೋದ್ಯೋಗಿಗಳಿಗೆ ಇದು ಬೇಗ ಅರ್ಥವಾಗುತ್ತದೆ. 1946ರಲ್ಲಿ ಅಂಬೇಡ್ಕರ್ ಕಪ್ಪು ಚಿಂತಕ ಡು ಬೋಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸುತ್ತಿದ್ದ ಮನವಿಯ ಪ್ರತಿ ಕೇಳಿದ್ದರು. ಈಚಿನ ಕಾನೂನು ಚಿತ್ರ ಏರುಪೇರಿನದು: ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರ ಜನವರಿಯಲ್ಲಿ ತನ್ನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನು ಸೇರಿಸಿತು, ಸಿಯಾಟಲ್ ನಗರ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಇಂಥದ್ದೇ ರಾಜ್ಯ ಮಸೂದೆಗೆ ಗವರ್ನರ್ ಸಹಿ ಹಾಕದೆ ತಿರುಗಿಸಿದರು.

ದುಡ್ಡು ಯಾವಾಗ ತೀರ್ಮಾನವಾಗುತ್ತದೆ

2013ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದ, ಶಾಲೆಗಳಿಗೆ ಹಣ ಹಂಚುವ ಸೂತ್ರ ಈಗ ಹೀಗಿದೆ: ಪ್ರತಿ ಮಗುವಿಗೆ ಒಂದು ಮೂಲ ಮೊತ್ತ, ಬಡ ಕುಟುಂಬದ, ಇಂಗ್ಲಿಷ್ ಕಲಿಯುತ್ತಿರುವ, ಫಾಸ್ಟರ್ ಮನೆಯಲ್ಲಿ (ಸರ್ಕಾರ ಸಾಕಲು ಒಪ್ಪಿಸಿದ ಬೇರೆಯವರ ಮನೆ) ಇರುವ ಮಗುವಿಗೆ ಅದರ ಮೇಲೆ ಶೇ 20, ಇಂಥ ಮಕ್ಕಳು ಶೇ 55 ದಾಟಿದ ಡಿಸ್ಟ್ರಿಕ್ಟ್‌ಗೆ, ದಾಟಿದ ಪಾಲಿಗೆ ಇನ್ನೂ ಶೇ 65. ಗಮನಿಸಬೇಕಾದ್ದು, ಈ ಮೂರು ಗುಂಪುಗಳಲ್ಲಿ ಜನಾಂಗ ಇಲ್ಲ. ಮತದಾರರೇ ಪಾಸು ಮಾಡಿದ 1996ರ ಪ್ರಾಪೊಸಿಷನ್ 209 ಸಾರ್ವಜನಿಕ ಶಿಕ್ಷಣದಲ್ಲಿ ಜನಾಂಗದ ಆಧಾರದ ಮೇಲೆ ಆದ್ಯತೆ ಕೊಡುವುದನ್ನು ನಿಷೇಧಿಸಿದೆ. ‘ಕಪ್ಪು ಮಕ್ಕಳಿಗೆ ಮಾತ್ರ’ ಎಂದು ಬರೆದ ಬೇಡಿಕೆಯನ್ನು ವಕೀಲರು ಮೊದಲ ದಿನವೇ ಹೊಡೆದುಹಾಕುತ್ತಾರೆ. ಅಂತರ ಎಲ್ಲಿ ದೊಡ್ಡದಿದೆಯೋ ಆ ಶಾಲೆಗೆ, ಎಲ್ಲರಿಗೂ ತೆರೆದ ಸೇವೆ ಎಂದು ಬರೆಯಬೇಕು.

ಈ ಹಣ ಹೇಗೆ ಖರ್ಚಾಗುತ್ತದೆ ಎಂದು ಹೇಳುವ ಮೂರು ವರ್ಷದ ಯೋಜನೆಗೆ ಎಲ್‌ಕ್ಯಾಪ್ ಎನ್ನುತ್ತಾರೆ. ಪ್ರತಿ ವರ್ಷ ಜುಲೈ 1ರೊಳಗೆ ಬೋರ್ಡ್ ಅಂಗೀಕರಿಸಬೇಕು. ಒಂದು ಸಭೆಯಲ್ಲಿ ಅಹವಾಲು, ಇನ್ನೊಂದರಲ್ಲಿ ಅಂಗೀಕಾರ. ಎರಡೂ ಒಂದೇ ದಿನ ನಡೆಯುವಂತಿಲ್ಲ. ಜೂನ್ ಅಹವಾಲಿನಲ್ಲಿ ಮೊದಲ ಬಾರಿ ಬಾಯಿಬಿಟ್ಟವರಿಗೆ ಸಿಗುವುದು ಧನ್ಯವಾದ ಮಾತ್ರ, ಅಷ್ಟು ಹೊತ್ತಿಗೆ ಹುದ್ದೆಗಳೆಲ್ಲ ತೀರ್ಮಾನವಾಗಿರುತ್ತವೆ. ಹಿಂದಿನಿಂದ ಲೆಕ್ಕ ಹಾಕಿದರೆ, ಕರಡು ಮೇ ತಿಂಗಳಲ್ಲಿ ಹೊರಬರುತ್ತದೆ, ಅದರಲ್ಲಿ ನಿಮ್ಮ ಸಾಲು ಇರಬೇಕಾದರೆ ಏಪ್ರಿಲ್‌ನಲ್ಲಿ ಡಿಸ್ಟ್ರಿಕ್ಟಿನ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟ್ ಕೈಗೆ ಬೇಡಿಕೆ ಹೋಗಿರಬೇಕು, ಅದಕ್ಕೆ ಮುಂಚೆ ಫೆಬ್ರುವರಿ, ಮಾರ್ಚ್‌ನಲ್ಲಿ ಹಣಕಾಸು ಅಧಿಕಾರಿಯ ಜೊತೆ ‘ಯಾವ ನಿಧಿ, ಯಾರು ತೀರ್ಮಾನಿಸುತ್ತಾರೆ’ ಎಂಬ ಭೇಟಿ, ಜನವರಿಯಿಂದ ಸರ್ಕಲ್‌ಗಳು, ಡಿಸೆಂಬರ್‌ನಲ್ಲಿ ಅಂಕಿ, ಆಗಸ್ಟ್‌ನಿಂದ ಒನ್-ಟು-ಒನ್. ಪೋಷಕರ ಸಲಹಾ ಸಮಿತಿಯ ಟೀಕೆಗಳಿಗೆ ಸೂಪರಿಂಟೆಂಡೆಂಟ್ ಲಿಖಿತ ಉತ್ತರ ಕೊಡಲೇಬೇಕು. ಆ ಸಮಿತಿಯಲ್ಲಿ ನಿಮ್ಮವರು ಇಬ್ಬರಿದ್ದರೆ ಬಾಗಿಲಾಚೆ ಇಪ್ಪತ್ತು ಜನ ಫಲಕ ಹಿಡಿದು ನಿಂತದ್ದಕ್ಕಿಂತ ಮೇಲು.

ಬೋರ್ಡ್ ಸಭೆಯ ನಿಯಮ ಬ್ರೌನ್ ಕಾಯ್ದೆಯದು. 1953ರ ಈ ರಾಜ್ಯ ಕಾಯ್ದೆಗೂ ಆ 1954ರ ತೀರ್ಪಿಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಮಾಮೂಲಿ ಸಭೆಯ ಕಾರ್ಯಸೂಚಿ 72 ಗಂಟೆ ಮುಂಚೆ, ವಿಶೇಷ ಸಭೆಯದು 24 ಗಂಟೆ ಮುಂಚೆ ಹೊರಬರಬೇಕು. ಬಂದ ಕೂಡಲೇ ‘ಕನ್ಸೆಂಟ್ ಕ್ಯಾಲೆಂಡರ್’ ಓದಿ. ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಹತ್ತಾರು ಗುತ್ತಿಗೆಗಳು ಪಾಸಾಗುವುದು ಅಲ್ಲಿ, ನಿಮ್ಮ ಫೆಸಿಲಿಟೇಟರ್ ಹುದ್ದೆಯ ಬದಲು ಯಾವುದೋ ಸಾಫ್ಟ್‌ವೇರ್ ಖರೀದಿ ಇರುವುದೂ ಅಲ್ಲೇ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯಕ್ಕೆ ಬೋರ್ಡ್ ಚರ್ಚೆ ಮಾಡುವಂತಿಲ್ಲ. ಇದನ್ನು ಮೊದಲೇ ಹೇಳದಿದ್ದರೆ, ಅಷ್ಟು ಕಷ್ಟಪಟ್ಟು ಮಾತಾಡಿದ ತಾಯಿ ಐದು ಸಪ್ಪೆ ಮುಖ ನೋಡಿ ಅವಮಾನವಾಯಿತೆಂದು ಮನೆಗೆ ಹೋಗುತ್ತಾಳೆ. ಮೂರು ನಿಮಿಷ ಎಂದು ಹೇಳಿ ಜನ ಹೆಚ್ಚಾದಾಗ ಒಂದು ನಿಮಿಷಕ್ಕೆ ಇಳಿಸುತ್ತಾರೆ, ಎರಡೂ ಅಳತೆಯ ಮಾತು ಬರೆದುಕೊಂಡು ಹೋಗಿ. ದುಭಾಷಿ ಬಳಸುವವರಿಗೆ ಕಾಯ್ದೆಯ ಪ್ರಕಾರ ಕನಿಷ್ಠ ಎರಡರಷ್ಟು ಸಮಯ ಕೊಡಬೇಕು, ಗಡಿಯಾರ ನೋಡುವವರಿಗೆ ಅದನ್ನು ಸಭೆಗೆ ಮುಂಚೆಯೇ ನೆನಪಿಸಿ. ಐವರ ಬೋರ್ಡಿನಲ್ಲಿ ಮೂರು ಮತ ಬೇಕು. ಯಾವ ಮೂರು ಎಂದು ಆ ರಾತ್ರಿಗೆ ಮುಂಚೆ ಗೊತ್ತಿಲ್ಲದಿದ್ದರೆ ಇನ್ನೂ ಸಿದ್ಧರಾಗಿಲ್ಲ ಎಂದರ್ಥ.

ಸಭೆ ಮುಗಿದ ಮೇಲೆ, ಎಷ್ಟು ಹೊತ್ತಾದರೂ ಸರಿ, ಪಾರ್ಕಿಂಗ್ ಲಾಟಿನಲ್ಲಿ ಹದಿನೈದು ನಿಮಿಷ ನಿಂತು ಮಾತು: ಹೇಗನಿಸಿತು, ಯಾರು ಏನು ಮಾತು ಕೊಟ್ಟರು, ಮುಂದಿನ ಸಲ ಯಾರು ಮಾತಾಡುತ್ತಾರೆ. ನಾಳೆಗೆ ಬಿಟ್ಟರೆ ಸಿಟ್ಟು ವಾಟ್ಸಾಪ್‌ಗೆ ಹೋಗುತ್ತದೆ.

ದೂರು, ಮತ್ತು ಹೊಟ್ಟೆಪಾಡು

ಮಾತಿನಿಂದ ಆಗದ್ದಕ್ಕೆ ದೂರು. ತಾರತಮ್ಯದ ದೂರನ್ನು ಡಿಸ್ಟ್ರಿಕ್ಟ್‌ಗೆ ಆರು ತಿಂಗಳೊಳಗೆ ಕೊಡಬೇಕು, ಅವರು 60 ದಿನದಲ್ಲಿ ತನಿಖೆ ಮುಗಿಸಬೇಕು, ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ರಾಜ್ಯಕ್ಕೆ ಮೇಲ್ಮನವಿ. ಫೆಡರಲ್ ನಾಗರಿಕ ಹಕ್ಕು ಕಚೇರಿಗೆ 180 ದಿನ. ಆದರೆ 2025ರ ಮಾರ್ಚ್‌ನಲ್ಲಿ ಆ ಕಚೇರಿಯ 12 ಪ್ರಾದೇಶಿಕ ಶಾಖೆಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸೇರಿ ಏಳನ್ನು ಮುಚ್ಚಿದರು. ಈಗ ನಾವು ರಾಜ್ಯದ ದಾರಿಯನ್ನೇ ಮೊದಲು ಹಿಡಿಯುತ್ತೇವೆ. ದೂರಿನಲ್ಲಿ ವಿಶೇಷಣಗಳು ಬೇಡ. ತಾರೀಖು, ಸ್ಥಳ, ಆಡಿದ ಮಾತು, ಅದೇ ತಪ್ಪಿಗೆ ಬೇರೆ ಮಗುವಿಗೆ ಆದ ಶಿಕ್ಷೆ, ಇಷ್ಟು ಸಾಕು.

ಈ ವೃತ್ತಿಗೆ ಬರಬೇಕೆನ್ನುವವರಿಗೆ: ಸಂಜೆಗಳು ನಿಮ್ಮದಲ್ಲ. ಸಂಘಟಕರ ಸಂಬಳ ಬಹುಪಾಲು ಒಂದೆರಡು ವರ್ಷದ ಗ್ರಾಂಟಿನ ಮೇಲೆ ನಿಂತಿರುತ್ತದೆ. ಸೇರುವ ಮುನ್ನ ಅದು ಯಾವ ತಿಂಗಳು ಮುಗಿಯುತ್ತದೆ, ಸದಸ್ಯ ಸಂಸ್ಥೆಗಳಿಂದ ಚಂದಾ ಬರುತ್ತದೆಯೇ ಎಂದು ಕೇಳಿ. ಚಂದಾ ಇರುವ ಸಂಘಟನೆ ಬಾಳುತ್ತದೆ. ತೆರಿಗೆ ವಿನಾಯಿತಿಯ 501(ಸಿ)(3) ಸಂಸ್ಥೆಯಲ್ಲಿದ್ದರೆ ಬೋರ್ಡ್ ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವೂ ಸಂಸ್ಥೆಯ ಹೆಸರಲ್ಲಿ ತುಟಿ ಬಿಚ್ಚುವಂತಿಲ್ಲ. ಎಚ್-1ಬಿ ವೀಸಾದವರು ಇನ್ನೊಂದು ತಿಳಿದಿರಬೇಕು: ಲಾಭರಹಿತ ಸಂಸ್ಥೆ ಎಂದಮಾತ್ರಕ್ಕೆ ಲಾಟರಿಯಿಂದ ವಿನಾಯಿತಿ ಸಿಗುವುದಿಲ್ಲ, ವಿಶ್ವವಿದ್ಯಾಲಯದ ಜೊತೆ ಸಂಯೋಜನೆ ಇರುವಂಥವಕ್ಕೆ, ಸಂಶೋಧನಾ ಸಂಸ್ಥೆಗಳಿಗೆ ಮಾತ್ರ. ಡಿಸ್ಟ್ರಿಕ್ಟ್‌ನ ಈಕ್ವಿಟಿ ಹುದ್ದೆ ಸಿಕ್ಕಿದರೆ ಸಂಬಳ ಉತ್ತಮ. ಆದರೆ ಆ ಹುದ್ದೆ ಯಾರಿಗೆ ವರದಿ ಮಾಡುತ್ತದೆ, ಅದರ ಕೈಯಲ್ಲಿ ಸ್ವಂತ ಬಜೆಟ್ ಇದೆಯೇ, ಇವೆರಡು ಕೇಳದೆ ಸಹಿ ಹಾಕಬೇಡಿ. ಬಜೆಟ್ ಇಲ್ಲದ ಈಕ್ವಿಟಿ ಅಧಿಕಾರಿಯ ಕೆಲಸ ಕ್ಷಮಾಪಣೆಯ ಇಮೇಲ್ ಬರೆಯುವುದು.

ಗೆದ್ದ ಬೇಡಿಕೆಗೂ ಕಾವಲು ಬೇಕು. ಜೂನ್‌ನಲ್ಲಿ ಮಂಜೂರಾದ ಹುದ್ದೆಗೆ ಅಕ್ಟೋಬರ್ ಬಂದರೂ ಆಳು ಬಂದಿರುವುದಿಲ್ಲ, ಉಳಿದ ಹಣ ಸದ್ದಿಲ್ಲದೆ ಬೇರೆ ಸಾಲಿಗೆ ಹೋಗುತ್ತದೆ. ಫೆಬ್ರುವರಿ 28ರೊಳಗೆ ಪ್ರತಿ ಡಿಸ್ಟ್ರಿಕ್ಟ್ ಎಲ್‌ಕ್ಯಾಪ್‌ನ ಅರ್ಧವಾರ್ಷಿಕ ವರದಿಯನ್ನು ಬೋರ್ಡ್ ಮುಂದೆ ಇಡಬೇಕು. ಆ ಸಭೆಗೆ ಹೋಗಿ ಆ ಒಂದು ಸಾಲಿನಲ್ಲಿ ಮಂಜೂರಾದದ್ದೆಷ್ಟು, ಇವತ್ತಿನವರೆಗೆ ಖರ್ಚಾದದ್ದೆಷ್ಟು, ಯಾರನ್ನು ನೇಮಿಸಿದಿರಿ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಲು ಹೇಳಿ.